ಖಾಲಿ ಬಿಟ್ಟ ಅಂಕಣ

ಶಾಲೆಯ ದಾಖಲಾತಿ ಪುಸ್ತಕವನ್ನು ವರ್ಷಾನುಗಟ್ಟಲೆ ತುಂಬಿದವರು ನಾವು. ಹೆಸರು, ಜನ್ಮದಿನಾಂಕಗಳ ಸಾಲಿನಲ್ಲಿ ‘ಧರ್ಮ’ ಎಂಬ ಅಂಕಣವೂ ಇರುತ್ತಿತ್ತು. ಅದು ಖಾಲಿಯಿದ್ದರೆ ಪಾಲಕರನ್ನು ಕರೆಸಿ ಬರೆಯಿಸುತ್ತಿದ್ದೆವು. ಕಳೆದ ವರ್ಷ ನಮ್ಮ ಮೊಮ್ಮಗನೇ ಪುಣೆಯ ಕಾಲೇಜಿನ ಅರ್ಜಿಯಲ್ಲಿ ಆ ಅಂಕಣವನ್ನು ಖಾಲಿ ಬಿಟ್ಟನು. ನಾವು ಲೇಖನಿ ಎತ್ತಿದಾಗ, “ಮರ್ತಿಲ್ಲ ಅಜ್ಜಾ, ಬೇಕಂತನ ಬಿಟ್ಟೀನಿ” ಎಂದನು. ನಾಸ್ತಿಕನಾದೆಯಾ ಎಂದು ಗದರಿದೆವು.

ಅದೇ ವರ್ಷ ನಮ್ಮ ಮನೆಯವರು ಶಿವೈಕ್ಯರಾದರು. ಕ್ರಿಯೆಯ ದಿನ ಹುಡುಗನು ವಿಭೂತಿ ಧರಿಸಲಿಲ್ಲ. ನೆಂಟರು ಗೊಣಗಿದರು, ನಾವೂ ಗೊಣಗಿದೆವು. ಆದರೆ ಕೊನೆಯ ರಾತ್ರಿಗಳಲ್ಲಿ ಅಜ್ಜಿಯ ಹಾಸಿಗೆಯ ಬಳಿ ಎಚ್ಚರವಿದ್ದವನು ಅವನೊಬ್ಬನೇ. ಮರುದಿನ ನಸುಕಿನಲ್ಲಿ ಅವನು ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಕುಳಿತಿದ್ದನು. ಕೇಳಿದರೆ, “ಅಜ್ಜಿ ಎಲ್ಲೂ ಹೋಗಿಲ್ಲ ಅನಸ್ತದ. ಅದಕ್ಕ ಸುಮ್ಮನ ಕುಂತೀನಿ” ಎಂದನು. ನಾಸ್ತಿಕನು ಆಡುವ ಮಾತೇ ಇದು?

2011ರ ಜನಗಣತಿಯಲ್ಲಿ ಧರ್ಮವನ್ನು ನಮೂದಿಸದವರು ಸುಮಾರು 29 ಲಕ್ಷ; ನೂರಕ್ಕೆ 0.24ರಷ್ಟು. ಅಂಕಣ ಖಾಲಿಯಿದ್ದ ಮಾತ್ರಕ್ಕೆ ಅವರೆಲ್ಲರ ಅಂತರಂಗವೂ ಖಾಲಿಯೆನ್ನಲಾದೀತೆ?

ಆ ಕೆರೆ ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಹೆಸರಿನೊಡನೆ ಬೆಸೆದುಕೊಂಡಿದೆ. ಕೆರೆ, ಗುಡಿಗಳನ್ನು ಕಟ್ಟಿಸುತ್ತಿದ್ದ ಅವರ ಬಳಿಗೆ ಅಲ್ಲಮಪ್ರಭುಗಳು ಬಂದು, ಹೊರಗಿನ ಕಾರ್ಯದಿಂದ ಒಳಗಿನ ಅರಿವಿನ ಕಡೆಗೆ ತಿರುಗಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದುತ್ತೇವೆ. ಅದನ್ನು ಮಕ್ಕಳಿಗೆ ಎಷ್ಟೋ ಸಲ ಬೋಧಿಸಿದ ನಾವು, ಮನೆಯ ಹುಡುಗನ ಹಣೆಯನ್ನು ನೋಡಿದೆವೇ ಹೊರತು ಒಳಗನ್ನು ನೋಡಲಿಲ್ಲ.

ಆದರೂ ನಮ್ಮದೊಂದು ಶಂಕೆ ಉಳಿದಿದೆ. ದುಃಖದ ದಿನಗಳಲ್ಲಿ ನಮ್ಮ ಮನೆ ತುಂಬಿದ್ದು ಮಠದವರಿಂದ, ಓಣಿಯವರಿಂದ. ಗುರುತೇ ಇಲ್ಲದವರೂ ಬಂದು ರೊಟ್ಟಿ ಬಡಿದುಕೊಟ್ಟರು. ಧರ್ಮದ ಹೆಸರೇ ಬೇಡವೆಂದವನ ಬಾಗಿಲಿಗೆ ನಾಳೆ ಯಾರು ಬಂದಾರು? ಈ ಪ್ರಶ್ನೆಗೆ ಅವನು, “ನಾ ಯಾರ ಮನೀಗೆ ಹೋಗ್ತೀನೋ ಅವರು ಬರ್ತಾರ” ಎಂದನು. ಈ ಉತ್ತರ ಅರ್ಧ ಸರಿ. ಸ್ನೇಹವು ಪರಿಚಿತರನ್ನು ಕರೆತರುತ್ತದೆ. ಸಮುದಾಯವು ಅಪರಿಚಿತರನ್ನೂ ಕಳಿಸುತ್ತದೆ. ಅಂಥದೊಂದು ಕೂಡುಬಾಳನ್ನು ಕಟ್ಟಿಕೊಳ್ಳುವ ಹೊಣೆ ಈ ಕಿರಿಯರದು.

ಹಿರಿಯರಾದ ನಮ್ಮ ಹೊಣೆ ಇನ್ನೂ ಸುಲಭವಾದದ್ದು. ಯಾವ ಧರ್ಮದವನೆಂದು ಕೇಳುವ ಮೊದಲು, ಯಾವುದಕ್ಕೆ ತಲೆಬಾಗುತ್ತೀಯೆ ಎಂದು ಕೇಳೋಣ. ಅಷ್ಟು ವರ್ಷಗಳಲ್ಲಿ ನಾವು ಒಂದು ಮಗುವಿಗೂ ಹಾಗೆ ಕೇಳಲಿಲ್ಲ. ಸಂಘದ ಬಂಧುಗಳಾದರೂ ಕೇಳಲಿ ಎಂಬುದು ನಮ್ಮ ಬಿನ್ನಹ.