ವೇಗದ ಸವಿ ಮತ್ತು ವಿವೇಕ

ಉತ್ತಮವಾದುದನ್ನು ಮೆಚ್ಚುವುದು ಮಾನವನ ಸಹಜ ಗುಣ. ಆದರೆ ಆ ಮೆಚ್ಚುಗೆಯ ಬೆನ್ನ ಹಿಂದೆಯೇ ಒಂದು ಅಪಾಯವೂ ನಡೆದು ಬರುತ್ತದೆ. ಶ್ರೇಷ್ಠವಾದುದನ್ನು ಒಮ್ಮೆ ಅನುಭವಿಸಿದವನ ಕಣ್ಣಿಗೆ, ಅದುವರೆಗೆ ತನ್ನನ್ನು ಸಲಹಿದ ಸಾಧಾರಣ ವಸ್ತುವು ಹಗುರವಾಗಿ ಕಾಣತೊಡಗುತ್ತದೆ. ಹಾಗಾದರೆ ಶ್ರೇಷ್ಠದ ಅರಿವು ಸಾಧಾರಣದ ತಿರಸ್ಕಾರದಲ್ಲಿಯೇ ಕೊನೆಗಾಣಬೇಕೆ? ವಾಚಕರೇ, ಈ ಪ್ರಶ್ನೆಯನ್ನು ನಾವು ದಿನವೂ ಬಳಸುವ ಮೋಟಾರು ವಾಹನದ ನಿದರ್ಶನದಿಂದಲೇ ವಿಚಾರಿಸೋಣ. ವಿಷಯವು ತೀರ ಲೌಕಿಕವೆನಿಸಬಹುದು. ಆದರೆ ಮನಸ್ಸಿನ ಪರೀಕ್ಷೆ ನಡೆಯುವುದು ಇಂತಹ ಲೌಕಿಕ ವಸ್ತುಗಳ ನಡುವೆಯೇ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ವಾಹನ ನಡೆಸಲು ಕಲಿತವರ ಕೈ ಪಳಗುವುದು ಟ್ರ್ಯಾಕ್ಟರಿನಲ್ಲಿ, ಜೀಪಿನಲ್ಲಿ, ಶಹಾಬಾದಿನ ಕಲ್ಲನ್ನೋ ವಾಡಿಯ ಸಿಮೆಂಟನ್ನೋ ಹೊತ್ತ ಲಾರಿಯಲ್ಲಿ. ಸ್ವಲ್ಪ ಅನುಕೂಲವಿದ್ದವರು ಅಂಬಾಸಿಡರ್ ಇಲ್ಲವೆ ಮಾರುತಿ 800 ಕಾರನ್ನು ನಡೆಸಿದವರು. ಈ ಎರಡು ಕಾರುಗಳ ತಯಾರಿಕೆಯೂ 2014ರಲ್ಲಿ ನಿಂತಿತು. ಹಳೆಯ ವಾಹನದಲ್ಲಿ ಚಕ್ರವನ್ನು ತಿರುಗಿಸಿದರೆ ಗಾಡಿಯು ಒಂದು ಕ್ಷಣ ಯೋಚಿಸಿ ಆಮೇಲೆ ಹೊರಳುತ್ತದೆ. ಬ್ರೇಕನ್ನು ಒತ್ತಿದರೆ ತನಗೆ ಒಪ್ಪಿಗೆಯಾದಾಗ ನಿಲ್ಲುತ್ತದೆ. ಚಾಲಕನು ಆ ವಿಳಂಬವನ್ನು ಮುಂಚಿತವಾಗಿಯೇ ಲೆಕ್ಕ ಹಾಕಿ ನಡೆಯಲು ಕಲಿಯುತ್ತಾನೆ.

ಅಂತಹ ಒಬ್ಬ ಚಾಲಕನಿಗೆ ಒಂದು ದಿನ ಸ್ಪೋರ್ಟ್ಸ್ ಕಾರನ್ನು ನಡೆಸುವ ಅವಕಾಶ ದೊರೆಯಿತೆಂದು ಭಾವಿಸಿರಿ. ಅವನು ನೆಲಕ್ಕೆ ತೀರ ಹತ್ತಿರದಲ್ಲಿ ಕುಳಿತಿರುತ್ತಾನೆ. ಕೈಯನ್ನು ಇಷ್ಟೇ ಕದಲಿಸಿದರೆ ಕಾರು ಅಷ್ಟೇ ಹೊರಳುತ್ತದೆ. ಪಾದದ ಸಣ್ಣ ಒತ್ತಡಕ್ಕೂ ಎಂಜಿನ್ನು ಕೂಡಲೇ ಓಗೊಡುತ್ತದೆ. ಅವನನ್ನು ಬೆರಗುಗೊಳಿಸುವುದು ವೇಗಕ್ಕಿಂತ ಹೆಚ್ಚಾಗಿ ಈ ವಿಧೇಯತೆ. ಜಪಾನಿನ ಮಜ್ದಾ ಸಂಸ್ಥೆಯು 1989ರಲ್ಲಿ ಎಂಎಕ್ಸ್-5 ಎಂಬ ಎರಡು ಆಸನಗಳ ಪುಟ್ಟ ಕಾರನ್ನು ಹೊರತಂದಾಗ, ಅದರ ನಿರ್ಮಾಪಕರು ಸವಾರನೂ ಕುದುರೆಯೂ ಒಂದೇ ದೇಹವಾಗುವ ಸ್ಥಿತಿಯನ್ನು ತಮ್ಮ ಆದರ್ಶವಾಗಿ ಇಟ್ಟುಕೊಂಡಿದ್ದರು. ಆ ಐಕ್ಯವನ್ನು ನಮ್ಮ ಚಾಲಕನು ಮೊದಲ ತಿರುವಿನಲ್ಲಿಯೇ ಗುರುತಿಸುತ್ತಾನೆ. ಏಕೆಂದರೆ ಲಾರಿಯ ವಿಳಂಬವು ಅವನ ತೋಳುಗಳಲ್ಲಿ ಇನ್ನೂ ನೆನಪಾಗಿ ಉಳಿದಿದೆ. ಮೊದಲ ದಿನದಿಂದಲೂ ಇಂತಹ ಕಾರಿನಲ್ಲಿಯೇ ಕುಳಿತವನಿಗೆ ಇದು ವಿಶೇಷವೆಂದೇ ತೋರುವುದಿಲ್ಲ. ಹಸಿವನ್ನು ಅರಿಯದವನಿಗೆ ಅನ್ನದ ರುಚಿ ಪೂರ್ತಿ ತಿಳಿಯದು.

ಇನ್ನು ಈ ವಿಧೇಯತೆಯು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸೋಣ. ಅದು ಕೇವಲ ಬಲದಿಂದ ಬಂದುದಲ್ಲ. 1990ರ ದಶಕದ ಕೊನೆಯ ಭಾಗದಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು ಸ್ಟಾರ್ಮ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಅದರಲ್ಲಿದ್ದ ರೆನೋ ಎಂಜಿನ್ನಿನ ಗಾತ್ರ 1149 ಸಿ.ಸಿ. ಹಳೆಯ ಅಂಬಾಸಿಡರಿನ ಎಂಜಿನ್ನಾದರೋ 1489 ಸಿ.ಸಿ.! ಗಾತ್ರದಲ್ಲಿ ಚಿಕ್ಕದಾದ ಎಂಜಿನ್ನಿನ ಕಾರು ಸ್ಪೋರ್ಟ್ಸ್ ಕಾರೆನಿಸಿದ್ದು ಹೇಗೆ? ಅದು ಹಿಂದಿನ ಆಸನವನ್ನು ಬಿಟ್ಟಿತು, ಎತ್ತರವನ್ನು ಬಿಟ್ಟಿತು, ಉಕ್ಕಿನ ಮೈಯನ್ನು ಬಿಟ್ಟು ನಾರುಗಾಜಿನ ಹಗುರ ಮೈಯನ್ನು ತೊಟ್ಟಿತು. ಭಾರ ಕಡಿಮೆಯಾದಷ್ಟೂ, ಅದು ನೆಲಕ್ಕೆ ಸಮೀಪವಾದಷ್ಟೂ ತಿರುವಿನಲ್ಲಿ ವಾಲುವಿಕೆ ತಗ್ಗುತ್ತದೆ, ಚಕ್ರಗಳ ಹಿಡಿತ ಬಿಗಿಯಾಗುತ್ತದೆ. ಹೀಗೆ ಆ ಕಾರಿನ ಸೊಗಸು ಹಲವನ್ನು ತ್ಯಜಿಸಿದುದರ ಫಲ.

ಇಲ್ಲಿ ಒಂದು ಕ್ಷಣ ನಿಂತು, ಅದೇ ನ್ಯಾಯವನ್ನು ಸಾಧಾರಣ ವಾಹನಕ್ಕೂ ಅನ್ವಯಿಸಿ ನೋಡಿರಿ. ಅದೂ ಹಲವನ್ನು ತ್ಯಜಿಸಿದೆ. ಮುದುಕರು, ಮಕ್ಕಳು, ಜೋಳದ ಚೀಲ, ಜಾತ್ರೆಯ ಬುತ್ತಿ ಎಲ್ಲಕ್ಕೂ ಎಡೆಮಾಡಿಕೊಡಲೆಂದು ಅದು ತನ್ನ ಹಗುರತನವನ್ನು ಬಿಟ್ಟಿತು. ಎರೆಭೂಮಿಯ ಕೊರಕಲುಗಳನ್ನು ದಾಟಲೆಂದು ಎತ್ತರವಾಗಿ ನಿಂತಿತು. ಕಲ್ಲುಹಾದಿಯ ಪೆಟ್ಟು ಒಳಗೆ ಕುಳಿತ ಗರ್ಭಿಣಿಗೆ ತಟ್ಟದಿರಲೆಂದು ಮೃದುವಾದ ಸ್ಪ್ರಿಂಗುಗಳನ್ನು ಒಪ್ಪಿಕೊಂಡು ತಿರುವಿನ ಚುರುಕನ್ನು ನೀಗಿಕೊಂಡಿತು. ಒಂದು ವಾಹನ ಚಾಲಕನೊಬ್ಬನ ಆನಂದಕ್ಕಾಗಿ ಇತರರನ್ನು ಬಿಟ್ಟಿತು. ಇನ್ನೊಂದು ಇತರರಿಗಾಗಿ ಆ ಆನಂದವನ್ನು ಬಿಟ್ಟಿತು. ಸ್ಪೋರ್ಟ್ಸ್ ಕಾರನ್ನು ನಡೆಸಿದ ಮೇಲಲ್ಲವೆ, ಹಳೆಯ ಗಾಡಿಯು ಏನನ್ನು ಬಿಟ್ಟುಕೊಟ್ಟಿತ್ತೆಂಬುದು ನಮಗೆ ಗೋಚರಿಸುವುದು?

ಮೆಚ್ಚುಗೆಗೆ ಸ್ಥಳದ ವಿವೇಕವೂ ಬೇಕು. ಚಿಂಚೋಳಿಯಿಂದ ಚಂದ್ರಂಪಳ್ಳಿಯ ಜಲಾಶಯದ ಕಡೆಗೆ ಹೋಗುವ ಕಾಡಿನ ಹಾದಿಯನ್ನು ನೆನೆಯಿರಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅರಣ್ಯವದು. ಆ ಹಾದಿಯಲ್ಲಿ ತಾಂಡಾದ ಮಕ್ಕಳಿದ್ದಾರೆ, ಕುರಿಹಿಂಡುಗಳಿವೆ, ದಾಟಿ ಹೋಗುವ ಕಾಡುಪ್ರಾಣಿಗಳಿವೆ. ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಗಾಡಿಯು ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ; ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಸೆಕೆಂಡಿಗೆ ಸುಮಾರು 28 ಮೀಟರ್ ಹಾದಿ ಸರಿದುಹೋಗುತ್ತದೆ. ಎಷ್ಟೇ ಚತುರವಾದ ಕಾರಾದರೂ ಈ ನಿಯಮವನ್ನು ಮೀರಲಾರದು. ವೇಗವನ್ನು ಸವಿಯಬೇಕೆನ್ನುವವರಿಗೆ ಚೆನ್ನೈಯ ಸಮೀಪದಲ್ಲಿ, ಕೊಯಮತ್ತೂರಿನಲ್ಲಿ ಪಂದ್ಯದ ಪಥಗಳಿವೆ. ಪರರ ಜೀವವನ್ನು ಪಣಕ್ಕಿಟ್ಟು ಪಡೆದ ಸುಖಕ್ಕೆ ರಸಿಕತೆಯೆಂಬ ಹೆಸರು ಸಲ್ಲದು.

ಒಮ್ಮೆ ಸವಿದ ನಾಲಿಗೆ ಮತ್ತೆ ಅದನ್ನೇ ಬೇಡುವುದಿಲ್ಲವೆ ಎಂದು ನೀವು ಕೇಳಬಹುದು. ಬೇಡುತ್ತದೆ, ನಿಜ. ಆದರೆ ಬೇಡುವುದು ಆಸೆಯ ಕೆಲಸ. ಅರಿಯುವುದು ಮೆಚ್ಚುಗೆಯ ಕೆಲಸ. ನಮ್ಮ ಸೀಮೆಯಿಂದ ಹೈದರಾಬಾದಿಗೆ ಹೋಗಿ ಅನ್ಯರ ಕಾರು ನಡೆಸಿ ಬದುಕುವವರಿದ್ದಾರೆ. ಹಿಂದಿನ ಆಸನದಲ್ಲಿ ಕುಳಿತ ಒಡೆಯನಿಗೆ ಕಾರಿನ ಬೆಲೆ ಮಾತ್ರ ಗೊತ್ತಿರಬಹುದು. ಅದರ ಗುಣವನ್ನು ಬಲ್ಲದ್ದು ಚಾಲಕನ ಕೈ. ಒಡೆತನವಿಲ್ಲದೆಯೂ ಗುಣಗ್ರಹಣ ಸಾಧ್ಯವೆಂಬುದಕ್ಕೆ ಆ ಕಾಯಕಜೀವಿಯೇ ಸಾಕ್ಷಿ.

ಆದುದರಿಂದ ಮೆಚ್ಚುಗೆಯ ನಿಜವಾದ ಪರೀಕ್ಷೆ ನಡೆಯುವುದು ಮರುದಿನದ ಬೆಳಗ್ಗೆ, ತನ್ನ ಹಳೆಯ ಗಾಡಿಯ ಬಾಗಿಲನ್ನು ತೆರೆಯುವಾಗ. ಆ ಗಾಡಿಯನ್ನು ಹಳಿದವನು ಹಿಂದಿನ ದಿನ ಕಂಡದ್ದು ತನ್ನ ಆಸೆಯನ್ನು ಮಾತ್ರ. ಅದರ ಎಂಜಿನ್ನಿನ ದನಿಗೆ ಇಂದು ಹೆಚ್ಚು ಗಮನವಿತ್ತು ಕಿವಿಗೊಡುವವನು, ಚಕ್ರದ ಗಾಳಿಯನ್ನು ನೋಡಿ, ತಿರುವನ್ನು ನಯವಾಗಿ ದಾಟಿ, ಮನೆಮಂದಿಯನ್ನು ಸುಖವಾಗಿ ಊರು ಸೇರಿಸುವವನು ಶ್ರೇಷ್ಠವಾದುದರಿಂದ ಪಾಠ ಕಲಿತವನು. ಉತ್ತಮವನ್ನು ಕಂಡ ಕಣ್ಣು ಸಾಧಾರಣದಲ್ಲಿಯೂ ಗುಣವನ್ನು ಕಾಣುವಷ್ಟು ಸೂಕ್ಷ್ಮವಾಗಲಿ.