ತೆಗೆದುಹಾಕಿದ ಪಾತ್ರ, ಇಡದೇ ಹೋದ ಪಾತ್ರ

ಲಕ್ಷಗಟ್ಟಲೆ ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಸೇರಿ ಆಡುವ ಮಾಯಾಲೋಕದ ಆಟಗಳಲ್ಲಿ ಒಂದು ಕಟ್ಟಳೆಯಿದೆ. ಒಳಗೆ ಕಾಲಿಡುವ ಮೊದಲು ನೀವು ಯಾರು ಎಂದು ತೀರ್ಮಾನಿಸಬೇಕು. ಕತ್ತಿ ಹಿಡಿದ ಯೋಧನೋ, ಗಾಯ ಮಾಯಿಸುವ ಪೂಜಾರಿಯೋ, ಬೆಂಕಿ ಎಸೆಯುವ ಮಾಂತ್ರಿಕನೋ, ಮೃಗವನ್ನು ಜೊತೆಗಿಟ್ಟುಕೊಂಡ ಬೇಟೆಗಾರನೋ. ಆಡುವವರು ಇದನ್ನು ‘ಕ್ಲಾಸ್’ ಎನ್ನುತ್ತಾರೆ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರು ಪಾತ್ರ ಎಂದರೆ ಸಾಕು, ಅರ್ಥವಾಗುತ್ತದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟ 2004ರಲ್ಲಿ ಶುರುವಾದಾಗ ಇಂಥ 9 ಪಾತ್ರಗಳಿದ್ದವು. 2022ರ ಹೊತ್ತಿಗೆ ಅವು 13 ಆದವು.

ಬೆಟಗೇರಿಯ ನಮ್ಮ ಮನೆಯಲ್ಲಿ ಈ ಆಟ ಆಡುವವನು ಅಕ್ಕನ ಮಗ. ಇರುವ 13 ಪಾತ್ರಗಳಿಗಿಂತ ಇಲ್ಲದವುಗಳ ಮೇಲೆಯೇ ಅವನಿಗೆ ಮೋಹ. 2008ರಲ್ಲಿ ಆಟಕ್ಕೆ ಹತ್ತನೆಯ ಪಾತ್ರ ಸೇರಿಸಲು ಹೊರಟಾಗ ತಯಾರಕರ ಮುಂದೆ ಮೂರು ಯೋಚನೆಗಳಿದ್ದವಂತೆ. ಸತ್ತವರನ್ನು ಎಬ್ಬಿಸುವ ನೆಕ್ರೋಮ್ಯಾನ್ಸರ್, ಮಂತ್ರಾಕ್ಷರಗಳ ಬಲದಿಂದ ಕಾದುವ ರೂನ್‌ಮಾಸ್ಟರ್, ಮತ್ತು ಡೆತ್ ನೈಟ್ ಎಂಬ ಶಾಪಗ್ರಸ್ತ ಯೋಧ. ಕೊನೆಗೆ ಬಂದದ್ದು ಡೆತ್ ನೈಟ್. ಉಳಿದೆರಡನ್ನು ಕೈಬಿಟ್ಟರು. ಅವು ಬಂದಿದ್ದರೆ ಹೇಗಿರುತ್ತಿದ್ದವು, ಯಾವ ಆಯುಧ ಹಿಡಿಯುತ್ತಿದ್ದವು, ಯಾರ ಎದುರು ಸೋಲುತ್ತಿದ್ದವು ಎಂದು ನಮ್ಮ ಹುಡುಗ ಊಟದ ತಾಟಿನ ಮುಂದೆ ಕೂತು ಲೆಕ್ಕ ಹಾಕುತ್ತಾನೆ. “ಮಾಮಾ, ಅದನ್ನ ತಗೀಬಾರದಾಗಿತ್ತು. ಅದು ಇದ್ದಿದ್ರ ಆಟದ ಮಜಾನ ಬ್ಯಾರೆ ಇರ್ತಿತ್ತು” ಎನ್ನುತ್ತಾನೆ.

ಮಾಡಿದವರು ಬೇಡವೆಂದು ಬಿಟ್ಟದ್ದರ ಬಗ್ಗೆ ಹೀಗೆ ಊಹಿಸುತ್ತ ಕೂರುವುದು ಎಂಥ ಕೆಲಸ? ಬಿಟ್ಟದ್ದರ ಮೇಲೆ ನಮಗೇನಾದರೂ ಹಕ್ಕಿದೆಯೇ? ಇದು ಹುಡುಗರ ಹರಟೆ ಎನ್ನಿಸಬಹುದು. ಆದರೆ ನಮ್ಮ ಅವಳಿ ಊರಿಗೆ ಈ ಹರಟೆ ಹೊಸದಲ್ಲ. ಗದಗಿನ ವೀರನಾರಾಯಣ ಗುಡಿಯ ಸುತ್ತ ಜನ ನೂರಾರು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ.

ಮಹಾಭಾರತಕ್ಕೆ 18 ಪರ್ವಗಳು. ನಮ್ಮ ಗದುಗಿನ ನಾರಣಪ್ಪ, ಕುಮಾರವ್ಯಾಸ, ಕನ್ನಡದಲ್ಲಿ ಹಾಡಿದ್ದು 10 ಪರ್ವ ಮಾತ್ರ. ಗದಾಪರ್ವದೊಂದಿಗೆ ಅವನ ಕಾವ್ಯ ನಿಲ್ಲುತ್ತದೆ. ಉಳಿದ 8 ಪರ್ವ ಯಾಕೆ ಬರಲಿಲ್ಲ?

ಊರು ಇದಕ್ಕೊಂದು ಕಥೆ ಕಟ್ಟಿಕೊಂಡಿದೆ. ಚಿರಂಜೀವಿಯಾದ ಅಶ್ವತ್ಥಾಮ ಬ್ರಾಹ್ಮಣನ ವೇಷದಲ್ಲಿ ಗುಡಿಯ ಊಟಕ್ಕೆ ಬರುತ್ತಿದ್ದನಂತೆ. ನಾರಣಪ್ಪ ಅವನನ್ನು ಗುರುತು ಹಿಡಿದು ಕಾಲು ಕಟ್ಟಿಕೊಂಡ. ನಡೆದದ್ದನ್ನು ಕಣ್ಣಾರೆ ಕಂಡವನ ಬಾಯಿಂದ ಭಾರತವನ್ನು ಕೇಳುವ ವರ ಸಿಕ್ಕಿತು. ಮಿಂದು ಒದ್ದೆ ಬಟ್ಟೆಯಲ್ಲಿ ಬರೆಯಲು ಕೂರಬೇಕು, ಬಟ್ಟೆ ಆರುವ ತನಕ ಪದ್ಯ ಹರಿಯುತ್ತದೆ. ಒಂದೇ ಷರತ್ತು, ಗುಟ್ಟನ್ನು ಯಾರಿಗೂ ಹೇಳಕೂಡದು. ನಾರಣಪ್ಪ ಹೆಂಡತಿಗೆ ಹೇಳಿಬಿಟ್ಟ. ಅಲ್ಲಿಗೆ ಕಥೆ ನಿಂತಿತು.

ಪಂಡಿತರ ಊಹೆ ಬೇರೆ. ತಾನು ಹೇಳುವುದು ಕೃಷ್ಣನ ಕಥೆ ಎಂದು ಕವಿಯೇ ಹೇಳಿಕೊಂಡಿದ್ದಾನೆ. ಮುಂದಿನ ಪರ್ವಗಳಲ್ಲಿರುವುದೇನು? ಶಾಂತಿ, ಅನುಶಾಸನ ಪರ್ವಗಳಲ್ಲಿ ಭೀಷ್ಮನ ಉದ್ದುದ್ದ ಉಪದೇಶ. ಹದಿನಾರನೆಯದಾದ ಮೌಸಲ ಪರ್ವದಲ್ಲಿ ಯಾದವರು ಬಡಿದಾಡಿಕೊಂಡು ಸಾಯುತ್ತಾರೆ, ಕೃಷ್ಣ ಬೇಡನ ಬಾಣಕ್ಕೆ ಗುರಿಯಾಗುತ್ತಾನೆ. ಕೃಷ್ಣನನ್ನು ಎದೆಯಲ್ಲಿಟ್ಟುಕೊಂಡು ಬರೆದವನಿಗೆ ಅಲ್ಲಿಯವರೆಗೆ ಹೋಗುವ ಮನಸ್ಸು ಬರಲಿಲ್ಲವೆಂದು ಊಹಿಸಿದರೆ ತಪ್ಪೇನು?

ಈ ಎರಡು ಊಹೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನ್ನೂ ಸಿದ್ಧಮಾಡಿ ತೋರಿಸಲು ಆಗುವುದಿಲ್ಲ. ಆದರೂ ಎರಡನೆಯದು ನಮ್ಮನ್ನು ಕಾವ್ಯದ ಕಡೆಗೆ ತಿರುಗಿ ಕಳಿಸುತ್ತದೆ. ಇರುವ 10 ಪರ್ವಗಳಲ್ಲಿ ಕೃಷ್ಣ ಎಲ್ಲೆಲ್ಲಿ ಬರುತ್ತಾನೆ, ಹೇಗೆ ಬರುತ್ತಾನೆ ಎಂದು ಇನ್ನೊಮ್ಮೆ ಓದುವಂತೆ ಮಾಡುತ್ತದೆ. ಮೊದಲನೆಯದರಲ್ಲಿ ಬೆರಗಿದೆ, ಒದ್ದೆ ಬಟ್ಟೆಯ ಚೆಲುವಿದೆ. ಆದರೆ ಅದು ಮುಗಿಯುವುದು ಒಬ್ಬ ತಪ್ಪಿತಸ್ಥಳ ಬಳಿ. ಗುಟ್ಟು ಬಿಟ್ಟುಕೊಟ್ಟವನು ಗಂಡ, ಆದರೂ ಕಥೆ ಕೇಳಿದವರ ಮನಸ್ಸಿನಲ್ಲಿ ಉಳಿಯುವವಳು ಹೆಂಡತಿ. ಆಕೆಗೊಂದು ಹೆಸರೂ ಇಲ್ಲ. 8 ಪರ್ವಗಳ ನಷ್ಟ ಮಾತ್ರ ಆಕೆಯ ಲೆಕ್ಕಕ್ಕೆ.

ಬಿಟ್ಟದ್ದನ್ನು ಓದುವ ಕೆಲಸಕ್ಕೆ ನಾನು ವಿರೋಧಿಯಲ್ಲ. ತೆಗೆದ ಜಾಗದಲ್ಲಿ ಗುರುತು ಉಳಿದಿದ್ದರೆ ಅದನ್ನು ಓದುವುದು ಓದುಗನ ಧರ್ಮವೇ. ಅಣ್ಣಿಗೇರಿ ಗದಗಿಗೆ ದೂರವಲ್ಲ, ಹುಬ್ಬಳ್ಳಿಯ ರೈಲು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಅದು ಪಂಪನ ಊರೆಂದು ಅಲ್ಲಿಯವರ ಹೆಮ್ಮೆ. 10ನೆಯ ಶತಮಾನದಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯ ಐದು ಜನ ಗಂಡಂದಿರಲ್ಲಿ ನಾಲ್ವರನ್ನು ತೆಗೆದುಹಾಕಿದ. ಅವನ ದೊರೆ ಅರಿಕೇಸರಿಗೆ ಅರ್ಜುನನನ್ನು ಹೋಲಿಸಬೇಕಿತ್ತು, ಹಾಗಾಗಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಆದರೆ ದುಶ್ಶಾಸನನನ್ನು ಕೊಂದು ಆಕೆಯ ಮುಡಿ ಕಟ್ಟುವವನು ಭೀಮನೇ. ಕೊನೆಗೆ ಪಟ್ಟದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ಮೂಲ ಕಥೆ ಬಲ್ಲವರಿಗೆ ಭಾವನ ಸಂಬಂಧದ ಈ ಭೀಮನ ಸಿಟ್ಟಿನಲ್ಲಿ ಹಳೆಯ ಗಂಡನ ನೆರಳು ಕಾಣುತ್ತದೆ. ತೆಗೆದದ್ದು ಪೂರ್ತಿ ಹೋಗಿಲ್ಲ.

ಆಟಗಳಲ್ಲೂ ಇಂಥ ಗುರುತುಗಳಿವೆ. ‘ಫೈನಲ್ ಫ್ಯಾಂಟಸಿ 14’ ಎಂಬ ಆಟ 2010ರಲ್ಲಿ ಬಂದಾಗ ಅದರ ಬಂದರು ಪಟ್ಟಣದಲ್ಲಿ ಕೋವಿಗಾರರ ಸಂಘವೊಂದಿತ್ತು. ಆದರೆ ಆಡುವವನು ಕೋವಿಗಾರನಾಗುವಂತಿರಲಿಲ್ಲ, ಆ ಪಾತ್ರ ಬರಲೇ ಇಲ್ಲ. 2015ರಲ್ಲಿ ಬಂದೂಕು ಹಿಡಿಯುವ ಪಾತ್ರ ಬಂದಾಗ ಅದಕ್ಕೆ ಬೇರೆ ಹೆಸರು, ಬೇರೆ ಊರು. ವಾರ್‌ಕ್ರಾಫ್ಟಿನ ರೂನ್‌ಮಾಸ್ಟರನೂ ಸುಮ್ಮನೆ ಸತ್ತವನಲ್ಲ. ಅವನ ಮಂತ್ರಾಕ್ಷರಗಳು ಡೆತ್ ನೈಟ್‌ನ ಶಕ್ತಿಯಾದವು. ನೆಕ್ರೋಮ್ಯಾನ್ಸರನ ಹೆಣ ಎಬ್ಬಿಸುವ ವಿದ್ಯೆಯೂ ಅವನಿಗೇ ಬಂತು.

ತಕರಾರು ಶುರುವಾಗುವುದು ಓದುವುದನ್ನು ಬಿಟ್ಟು ದೂರಲು ಹೊರಟಾಗ. ಸತ್ತ ಎಮ್ಮೆಗೆ ಹಾಲು ಜಾಸ್ತಿ ಎನ್ನುತ್ತಾರಲ್ಲ, ಹಾಗೆ. ಇರುವ ಪಾತ್ರವನ್ನು ಸಾವಿರ ಜನ ಆಡಿ ಅದರ ಕೊರತೆಗಳನ್ನೆಲ್ಲ ಬಯಲಿಗೆಳೆದಿರುತ್ತಾರೆ. ಇಲ್ಲದ ಪಾತ್ರವನ್ನು ಯಾರೂ ಆಡಿಲ್ಲ, ಹಾಗಾಗಿ ಅದಕ್ಕೆ ಕೊರತೆಯೇ ಇಲ್ಲ. ಈ ಹೋಲಿಕೆಯಲ್ಲಿ ಇರುವುದು ಸೋಲಲೇಬೇಕು. ಸೋತ ಮೇಲೆ ಕಿತ್ತುಕೊಂಡವರು ಯಾರೆಂದು ಕೇಳುತ್ತೇವೆ. ತಯಾರಕರು ಮೈಗಳ್ಳರು, ದುಡ್ಡಿನಾಸೆಯವರು, ಹೇಡಿಗಳು ಎಂದು ಬೈಗುಳ ಶುರುವಾಗುತ್ತದೆ.

ಇಲ್ಲಿ ಒಂದು ಗೆರೆ ಎಳೆಯಬೇಕು. ಕೊಡುತ್ತೇವೆಂದು ಮಾತುಕೊಟ್ಟು, ಹಣ ತೆಗೆದುಕೊಂಡು, ಕೊಡದಿದ್ದರೆ ಅದು ಸಾಲ, ಕೇಳುವ ಹಕ್ಕಿದೆ. ಮನಸ್ಸಿನಲ್ಲಿ ಹಾದುಹೋದ ಯೋಚನೆ ಸಾಲವಲ್ಲ. ಮಾಡುವುದು ಎಂದರೇ ಬಿಡುವುದು ಎಂದು ನೇಕಾರರ ಓಣಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗ್ಗಕ್ಕೆ ಒಂದು ಬಣ್ಣದ ಹಾಸು ಹೂಡಿದ ಮೇಲೆ ಅದು ಮುಗಿಯುವ ತನಕ ಇನ್ನೊಂದು ಸೀರೆ ಆ ಮಗ್ಗದಲ್ಲಿ ಇಲ್ಲ. ಬಿಟ್ಟ ಬಣ್ಣಗಳಿಗಾಗಿ ನೇಕಾರನನ್ನು ಕಟಕಟೆಗೆ ನಿಲ್ಲಿಸಿದರೆ ಯಾವ ಸೀರೆಯೂ ಹೊರಗೆ ಬರುವುದಿಲ್ಲ.

ದೂರದೆ ಊಹಿಸುವುದಕ್ಕೂ ನಮ್ಮಲ್ಲಿ ದಾರಿಯಿದೆ. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1509ರಿಂದ 1529ರ ನಡುವೆ ರಾಜ್ಯವಾಳಿದವನ ಆಶ್ರಯದಲ್ಲಿ, ತಿಮ್ಮಣ್ಣ ಕವಿ ಎಂಬವನು ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ತಾನೇ ಕೂತು ಬರೆದ. ಓದುವವರು ಅವನನ್ನು ಕುಮಾರವ್ಯಾಸನಷ್ಟು ಎತ್ತರಕ್ಕೆ ಏರಿಸಲಿಲ್ಲ, ನಿಜ. ಆದರೆ ಅವನು ಯಾರ ಹೆಂಡತಿಯನ್ನೂ ಬೈಯಲಿಲ್ಲ. ಖಾಲಿ ಜಾಗ ಕಂಡಿತು, ದುಡಿದ. ಆ ದುಡಿಮೆಗೆ ತನ್ನ ಹೆಸರಿಟ್ಟ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ವಿಚಾರ ನಮ್ಮ ಮನೆಯಲ್ಲಿ ಇನ್ನೊಂದು ಮಗ್ಗಲು ತೋರಿಸಿತು.

ನಮ್ಮಪ್ಪ ಕೈಮಗ್ಗದ ನೇಕಾರ. ಅವನ ದನಿ ಚೆನ್ನಾಗಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ, ಗದಗಿಗೆ ಬಂದು ಕ್ಯಾಂಪು ಮಾಡಿದ್ದ ನಾಟಕ ಕಂಪನಿಯೊಂದರ ಮಾಲಕರು ಅವನ ಹಾಡು ಕೇಳಿ ಜೊತೆಗೆ ಬರುತ್ತೀಯಾ ಎಂದಿದ್ದರು. ಅಷ್ಟರಲ್ಲಿ ಲಗ್ನ ನಿಶ್ಚಯವಾಗಿತ್ತು. ಅಪ್ಪ ಹೋಗಲಿಲ್ಲ. ಆಮೇಲಿನ ನಲವತ್ತು ವರ್ಷ ನಮ್ಮ ಮನೆಗೆ ಬಂದ ನೆಂಟರೆಲ್ಲ ಆಡುತ್ತಿದ್ದ ಮಾತು ಒಂದೇ. “ಲಗ್ನ ಒಂದ ಆಗಿರದಿದ್ರ ಇವ ದೊಡ್ಡ ನಟ ಆಗಿರ್ತಿದ್ದ.” ಯಾವ ಪಾತ್ರ ಮಾಡುತ್ತಿದ್ದ, ಯಾವ ಊರಿನಲ್ಲಿ ಹೆಸರು ಗಳಿಸುತ್ತಿದ್ದ ಎಂಬ ಊಹೆಗಳಿಗೆ ಕೊನೆ ಇರಲಿಲ್ಲ. ಅಪ್ಪ ಮಾತ್ರ ಆ ಮಾತಿಗೆ ನಗುತ್ತಿದ್ದ, ಲಾಳಿ ಕೈಗೆತ್ತಿಕೊಳ್ಳುತ್ತಿದ್ದ. ಅವನು ಎಂದೂ ಯಾರನ್ನೂ ದೂರಿದವನಲ್ಲ. ಆ ಮಾತನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡವಳು ಅವ್ವ. ಒದ್ದೆ ಬಟ್ಟೆಯ ಕಥೆಯ ಹೆಂಡತಿಯ ಜಾಗದಲ್ಲಿ ನಮ್ಮ ನೆಂಟರು ಅವಳನ್ನು ಕೂರಿಸಿದ್ದರು.

ಮೊನ್ನೆ ದೀಪಾವಳಿಗೆ ಎಲ್ಲ ಸೇರಿದಾಗ ಚಿಕ್ಕಪ್ಪ ಮತ್ತೆ ಅದೇ ಮಾತು ತೆಗೆದರು. ಅಪ್ಪ ತೀರಿಕೊಂಡು ಆರು ವರ್ಷವಾಗಿದೆ, ಊಹೆ ಮಾತ್ರ ಇನ್ನೂ ಬದುಕಿದೆ. ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತಿ ಕೇಳಿದ, “ಮತ್ತ ಆಯಿದು ಯಾವ ಪಾತ್ರ ತಗದ್ರು?”

ಯಾರೂ ಉತ್ತರ ಕೊಡಲಿಲ್ಲ. ಅವ್ವನೇ ಅಂದಳು, “ಇಟ್ಟಿದ್ರ ತಗೀತಿದ್ರಪಾ. ನಂದು ಯಾರ ಇಟ್ಟಿದ್ರು?”

ಅವ್ವನಿಗೆ ದೂರುವ ದನಿ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ನಾಲ್ಕನೆಯ ಇಯತ್ತೆಗೆ ಅವಳ ಸಾಲೆ ಮುಗಿದಿತ್ತು. ಅದು ಮುಗಿಯಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆಯಾಗಿರಲಿಲ್ಲ. ಇಷ್ಟು ಸೀರೆಗೆ ಎಷ್ಟು ನೂಲು ಬೇಕು, ಬಣ್ಣದ ನೂಲು ಎಷ್ಟು ಉಳಿಯುತ್ತದೆ, ಕೂಲಿ ಎಷ್ಟಾಗುತ್ತದೆ ಎಂದು ಕಂಡಿಕೆ ಸುತ್ತುತ್ತಲೇ ಬಾಯಿಲೆಕ್ಕದಲ್ಲಿ ಹೇಳುತ್ತಿದ್ದಳು. ಸಾವಕಾರರ ಗುಮಾಸ್ತ ಕಾಗದದ ಮೇಲೆ ಕೂಡಿಸಿ ಮುಗಿಸುವಷ್ಟರಲ್ಲಿ ಇವಳ ಉತ್ತರ ಸಿದ್ಧವಿರುತ್ತಿತ್ತು. ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆದರೂ “ಈಕಿ ಏನಾಗಿರ್ತಿದ್ದಳು” ಎಂಬ ಮಾತು ಯಾವ ನೆಂಟರ ಬಾಯಲ್ಲೂ ಬಂದಿರಲಿಲ್ಲ.

ತೆಗೆದುಹಾಕಿದ್ದಕ್ಕೂ ಇಡದೇ ಹೋದದ್ದಕ್ಕೂ ಬಹಳ ಅಂತರವಿದೆ. ತೆಗೆದುಹಾಕಿದ ಪಾತ್ರಕ್ಕೆ ಒಂದು ಮರ್ಯಾದೆ ಸಿಕ್ಕಿರುತ್ತದೆ. ಯಾರೋ ಅದನ್ನು ಮೇಜಿನ ಮೇಲಿಟ್ಟು, ಅದರ ಬಲ ಏನು, ದೌರ್ಬಲ್ಯ ಏನು ಎಂದು ಯೋಚಿಸಿರುತ್ತಾರೆ. ಬೇಡವೆಂದ ಮೇಲೂ ಅದರ ಹೆಸರು ಉಳಿಯುತ್ತದೆ, ಅದರ ಮಂತ್ರಾಕ್ಷರ ಬೇರೊಬ್ಬನ ಕತ್ತಿಯಲ್ಲಿ ಹೊಳೆಯುತ್ತದೆ. ಅದು ಬಂದಿದ್ದರೆ ಎಂದು ಹಂಬಲಿಸುವ ಹುಡುಗರಿರುತ್ತಾರೆ. ನಾಟಕದ ಮಾಲಕರು ಅಪ್ಪನನ್ನು ಕರೆದಿದ್ದರು. ಕರೆದವರಿದ್ದದ್ದರಿಂದಲೇ ಊಹೆಗೆ ಆಧಾರ ಸಿಕ್ಕಿತು. ಅವ್ವನನ್ನು ಯಾರೂ ಕರೆಯಲಿಲ್ಲ. ಹಾಗಾಗಿ ಊಹಿಸಲು ಎಳೆಯೇ ಇರಲಿಲ್ಲ.

ಒಬ್ಬರ ಬಗ್ಗೆ “ಇವರು ಇನ್ನೇನೋ ಆಗಬಹುದಿತ್ತು” ಎಂದು ಯೋಚಿಸುವುದು ಅವರಿಗೆ ಸಲ್ಲಿಸುವ ಗೌರವ. ಎದುರಿಗೆ ಕಾಣುವುದಕ್ಕಿಂತ ಅವರು ದೊಡ್ಡವರು ಎಂದು ಒಪ್ಪಿಕೊಂಡ ಹಾಗೆ. ಈ ಗೌರವಕ್ಕೆ ದುಡ್ಡು ಬೇಕಿಲ್ಲ, ಎಷ್ಟು ಹಂಚಿದರೂ ತೀರುವುದಿಲ್ಲ. ಆದರೂ ಮೊದಲೇ ಯಾರಾದರೂ ಒಮ್ಮೆ ಆಯ್ದು ನೋಡಿದವರಿಗೇ ಅದನ್ನು ಮತ್ತೆ ಮತ್ತೆ ಕೊಡುವುದು ನಮ್ಮ ರೂಢಿ. ಊಹೆಯಲ್ಲೂ ಪಂಕ್ತಿಭೇದ.

ಅವ್ವನ ಮಾತು ಕೇಳಿದ ಮೇಲೆ ಹುಡುಗ ಸುಮ್ಮನಾಗಲಿಲ್ಲ. ಮರುದಿನ ಪಟ್ಟಿನ ಹಾಳೆ ಹಿಡಿದು ಅವಳ ಪಕ್ಕ ಕೂತ. ಕಂಡಿಕೆ ಎಷ್ಟು ನಮೂನೆ, ಲೆಕ್ಕ ಯಾರು ಕಲಿಸಿದರು, ಕಾಗದವಿಲ್ಲದೆ ಅಷ್ಟು ಅಂಕಿಗಳನ್ನು ತಲೆಯಲ್ಲಿ ಹೇಗೆ ಹಿಡಿದಿಡುತ್ತಿದ್ದಳು ಎಂದು ಕೇಳಿ ಬರೆದುಕೊಂಡ. ಅವನ ಪ್ರಕಾರ ಅದು ಆಟದ ಹದಿನಾಲ್ಕನೆಯ ಪಾತ್ರ. ಆಯುಧವಿಲ್ಲ, ಎದುರಾಳಿಯ ಸರಕು ಎಷ್ಟು ಉಳಿದಿದೆ ಎಂದು ನೋಡಿದ ಕೂಡಲೇ ಹೇಳುವುದು ಅದರ ಶಕ್ತಿ. ಅಮೆರಿಕದ ಯಾವ ತಯಾರಕನೂ ಅದನ್ನು ಆಟಕ್ಕೆ ಸೇರಿಸಲಾರ. ಅವ್ವ ಕಿವಿಗೊಟ್ಟು ಕೇಳಿ, ಅದಕ್ಕೆ ಒಂದು ತಿದ್ದುಪಡಿ ಹೇಳಿದಳು. ಉಳಿದದ್ದನ್ನು ಹೇಳುವುದು ಸುಲಭವಂತೆ, ಎಲ್ಲಿ ಕಡಿಮೆ ಬೀಳುತ್ತದೆಂದು ಮುಂಚೆಯೇ ಹೇಳುವುದು ಕಷ್ಟವಂತೆ. ಹುಡುಗ ಅದನ್ನೂ ಬರೆದುಕೊಂಡ.