ಸಂತೆಗೆ ಹೋಗದ ಕೋಳಿಗಳು

ನಮ್ಮ ಹಿತ್ತಲಲ್ಲಿ ಹದಿನಾಲ್ಕು ನಾಟಿಕೋಳಿಗಳಿದ್ದವು. ಹಗಲೆಲ್ಲ ತಿಪ್ಪೆ ಕೆದಕಿ, ಸಂಜೆ ತಾವಾಗಿಯೇ ಗೂಡು ಸೇರುತ್ತಿದ್ದವು. ಒಂದು ಬೆಳಿಗ್ಗೆ ಕೆಂದು ಹೇಂಟೆ ಮೂಲೆಯಲ್ಲಿ ತೂಕಡಿಸುತ್ತಿತ್ತು. ಹಸಿರು ಬೇಧಿ, ಬಾಯಿ ತೆರೆದು ಉಸಿರಾಟ; ಮರುದಿನ ಕತ್ತು ತಿರುಚಿಕೊಂಡಿತು. "ಕೊಕ್ಕರೆ ರೋಗ ಟೀಚರ್. ಮೊದಲೇ ಲಸಿಕೆ ಹಾಕಿಸಬೇಕಿತ್ತು, ಬಂದ ಮೇಲೆ ಔಷಧಿಯಿಲ್ಲ" ಎಂದರು ಪಶುವೈದ್ಯರು. ಎಂಟು ವಾರಕ್ಕೆ ಹಾಕಿಸಬೇಕಿದ್ದ ಚುಚ್ಚುಮದ್ದನ್ನು ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದವಳು ನಾನೇ.

ಅತ್ತೆ ಮೆಲ್ಲಗೆ ಹೇಳಿದರು: "ಉಳಿದವು ಇನ್ನೂ ಚೆನ್ನಾಗಿವೆ. ನಾಳೆ ಸಂತೆಗೆ ಕಳಿಸಿಬಿಡಮ್ಮ. ಎಲ್ಲರೂ ಮಾಡೋದೇ ಅದು." ಅತ್ತೆ ಕೆಟ್ಟವರಲ್ಲ, ಮೊಟ್ಟೆ ಮಾರಿದ ದುಡ್ಡಲ್ಲಿ ಮಕ್ಕಳನ್ನು ಓದಿಸಿದವರು. ಸುಳ್ಳೇಕೆ, ನಾನೂ ಬುಟ್ಟಿ ಹುಡುಕಿದೆ.

ಬುಟ್ಟಿ ಕೈಗೆ ಬಂದಾಗ ಯೋಚನೆ ಹತ್ತಿತು. ಚೆನ್ನಾಗಿ ಕಾಣುವ ಕೋಳಿಯೊಳಗೂ ರೋಗ ಕೂತಿರಬಹುದು. ಅದನ್ನು ಕೊಳ್ಳುವವಳೂ ಅತ್ತೆಯಂಥವಳೇ, ಮೊಟ್ಟೆ ಮಾರಿ ಮಗಳ ಫೀಜು ಕಟ್ಟುವವಳು. ಪಕ್ಕದ ಮನೆಯವರಿಗೆ ಈ ಕೋಳಿ ಮಾರುತ್ತಿದ್ದೆನೆ? ಇಲ್ಲ. ಹಾಗಾದರೆ ಕೊಳ್ಳುವವಳ ಮುಖ ಗೊತ್ತಿಲ್ಲ ಎಂಬುದೊಂದೇ ನನ್ನ ಧೈರ್ಯ. ತರಗತಿಯಲ್ಲಿ ಪ್ರಾಮಾಣಿಕತೆಯ ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಅದರ ಬೆಲೆ ಎಷ್ಟೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಬುಟ್ಟಿ ಅಟ್ಟಕ್ಕೆ ಹೋಯಿತು. ಅಕ್ಕಪಕ್ಕದವರಿಗೆಲ್ಲ ಹೇಳಿ ಬಂದೆ. ಹತ್ತು ದಿನಗಳಲ್ಲಿ ಹನ್ನೊಂದು ಸತ್ತವು; ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದೆವು. ವಾರವಿಡೀ ಅತ್ತೆ ಮಾತಾಡಲಿಲ್ಲ.

ಆಮೇಲೊಂದು ದಿನ ಯಾರೋ ಉಳಿದ ಮೂರು ಕೋಳಿ ಕೇಳಿಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅತ್ತೆಯ ದನಿ ಬಂತು: "ಬೇಡ ಕಣಮ್ಮ, ನಮ್ಮನೇಲಿ ರೋಗ ಬಂದಿತ್ತು."